ಕಲೇವಿ ತಾತನ ಡ್ರಿಪ್ಪಿನ ಲೆಕ್ಕ

ಕಾಫಿ ಕುಡಿಯುತ್ತಾ ಕೂತವರನ್ನು ಕೆಲಸಕ್ಕೆ ಎಬ್ಬಿಸಲು ಫಿನ್‌ಲೆಂಡಿನಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ನರ್ಸಿಂಗ್ ಓದುತ್ತಿರುವ ಸೈಮಿಗಂತೂ ಜೀವವೇ ಹಿಡಿಯಾಗುತ್ತದೆ. ಇವತ್ತು ಅದೇ ಸಂಕೋಚ ಒಬ್ಬರ ಪ್ರಾಣಕ್ಕೆ ಬರುವುದರಲ್ಲಿತ್ತು, ಕೇಳಿ.

ವಾಂತಿಭೇದಿಯಿಂದ ಸೊರಗಿದ ಕಲೇವಿ ತಾತನಿಗೆ ಡ್ರಿಪ್ಪಿನಲ್ಲಿ ಪೊಟ್ಯಾಸಿಯಂ ಕೊಡಬೇಕಿತ್ತು. ಕಡಿಮೆಯಾದರೆ ನಿಶ್ಶಕ್ತಿ, ಅವಸರವಾಗಿ ರಕ್ತಕ್ಕೆ ಹೋದರೆ ಎದೆಬಡಿತವೇ ತಪ್ಪುವ ಔಷಧಿ ಅದು. ಗಂಟೆಗೆ ಐದು ಮಿಲಿಮೋಲ್ ಅಳತೆಯಷ್ಟೇ ಹೋಗಬೇಕೆಂದು ಡಾಕ್ಟರು ಬರೆದಿದ್ದರು.

"ಬೇಗ ಬಿಡಮ್ಮ, ಇವತ್ತು ಶನಿವಾರ. ನಮ್ಮವಳು ಸೌನಾ ಹಬೆಸ್ನಾನಕ್ಕೆ ಒಲೆ ಕಾಯಿಸ್ತಿರ್ತಾಳೆ," ಎಂದ ತಾತ.

"ಈಗಲೇ ಶುರು ಮಾಡ್ತೀನಿ ತಾತ," ಎನ್ನುತ್ತಾ ಸೈಮಿ ಲೆಕ್ಕದ ಚೀಟಿ ಹಿಡಿದು ಕಾಫಿ ಕೋಣೆಯ ಬಾಗಿಲಿಗೆ ಹೋದಳು. ಹಿರಿಯ ನರ್ಸ್ ಹಿಲ್ಕಾ ಆಗಷ್ಟೇ ಲೋಟ ಹಿಡಿದಿದ್ದಳು.

"ಹಿಲ್ಕಕ್ಕ, ಗಂಟೆಗೆ ಇನ್ನೂರೈವತ್ತು ಎಂ.ಎಲ್. ಅಲ್ವಾ? ಹ್ಞೂಂ ಅಂದ್ಬಿಡಿ ಸಾಕು, ಏಳ್ಬೇಡಿ."

"ಅಯ್ಯೋ ಹುಡುಗಿ, ಉತ್ತರ ಯಾಕೆ ಹೇಳ್ದೆ? ಈಗ ನನ್ ತಲೇಲೂ ಅದೇ ಕೂತ್ಕೊಳ್ತು!"

"ಪರೀಕ್ಷೇಲಿ ನಂದು ಒಂದು ಲೆಕ್ಕಾನೂ ತಪ್ಪಿಲ್ಲ. ನನ್ ಮೇಲೆ ನಂಬಿಕೆ ಇಲ್ವಾ?"

"ಒಂದು ತಪ್ಪಿದ್ರೂ ನಿನ್ನನ್ನ ಔಷಧಿ ಮುಟ್ಟೋಕೆ ಬಿಡ್ತಾನೇ ಇರ್ಲಿಲ್ವಲ್ಲ! ನಾನೂ ಹಾಗೇ ಪಾಸಾದೋಳು. ಆದ್ರೂ ನನ್ ಲೆಕ್ಕಾನ ಇನ್ನೊಬ್ರು ಹಾಕಿ ನೋಡ್ತಾರೆ. ನಡಿ."

ಹಿಲ್ಕಾ ಕಾಫಿ ಬಿಟ್ಟು ಎದ್ದಳು. ಸೈಮಿಗೆ ಮುಖ ಕೆಂಪಾಯಿತು. ಮಂಚದ ಪಕ್ಕ ಇಬ್ಬರೂ ಬೆನ್ನು ತಿರುಗಿಸಿ ನಿಂತು ಬೇರೆ ಬೇರೆ ಲೆಕ್ಕ ಹಾಕಿದರು.

"ಏನ್ರಮ್ಮ, ಜಗಳ ಆಡಿದ್ರಾ?" ತಾತ ನಕ್ಕ.

ಚೀಟಿಗಳನ್ನು ಪಕ್ಕಪಕ್ಕ ಇಟ್ಟರು. ಸೈಮಿಯದು ಇನ್ನೂರೈವತ್ತು, ಹಿಲ್ಕಾಳದು ನೂರಿಪ್ಪತ್ತೈದು.

"ಒಂದು ತಪ್ಪಿದೆ. ಯಾರದ್ದು ಅಂತ ಆಮೇಲೆ," ಎಂದಳು ಹಿಲ್ಕಾ. "ಮೊದಲು ಡ್ರಿಪ್ ಚೀಲದ ಮೇಲಿರೋದನ್ನ ಗಟ್ಟಿಯಾಗಿ ಓದು."

"ಇಪ್ಪತ್ತು ಮಿಲಿಮೋಲ್. ಒಂದು ಲೀಟ..." ಸೈಮಿಯ ಬೆರಳು ಅಲ್ಲೇ ನಿಂತಿತು. ಕಾಲೇಜಿನಲ್ಲಿ ಅಭ್ಯಾಸ ಮಾಡಿದ ಚೀಲಗಳೆಲ್ಲ ಒಂದು ಲೀಟರಿನವು. "ಇದು ಅರ್ಧ ಲೀಟರ್, ಅಕ್ಕ."

"ಇಪ್ಪತ್ತರಲ್ಲಿ ಐದು ಅಂದ್ರೆ ಕಾಲು ಭಾಗ. ಐನೂರು ಎಂ.ಎಲ್.ನಲ್ಲಿ ಕಾಲು ಭಾಗ?"

"ನೂರಿಪ್ಪತ್ತೈದು." ಸೈಮಿ ತನ್ನ ಚೀಟಿಯ ಅಂಕಿಗೆ ಗೀಟು ಹಾಕಿದಳು. ಎರಡರಷ್ಟು ವೇಗದಲ್ಲಿ ಬಿಡುವವಳಿದ್ದಳಲ್ಲ! "ಗುಣಾಕಾರ, ಭಾಗಾಕಾರ ಎಲ್ಲಾ ಸರಿ ಮಾಡಿದ್ದೆ ಅಕ್ಕ."

"ಮಾಡಿದ್ದೆ. ನೀನು ಚೀಲ ಓದಿರ್ಲಿಲ್ಲ ಅಷ್ಟೆ. ನಾನು ಕೂತಲ್ಲೇ ಹ್ಞೂಂ ಅಂದಿದ್ರೆ ನಾನೂ ಓದ್ತಿರ್ಲಿಲ್ಲ."

ಸೈಮಿ ಡ್ರಿಪ್ ಪಂಪನ್ನು ನೂರಿಪ್ಪತ್ತೈದಕ್ಕೆ ಇಟ್ಟಳು. ಹಿಲ್ಕಾ ನೋಡಿದ ಮೇಲೆಯೇ ಸೈಮಿ ಗುಂಡಿ ಒತ್ತಿದಳು.

"ತಾತ, ನಾಲ್ಕು ಗಂಟೆ ಆಗುತ್ತೆ. ನಾನು ಲೆಕ್ಕ ತಪ್ಪಿದ್ದೆ. ಹಾಗೇ ಬಿಟ್ಟಿದ್ರೆ ನಿಮ್ಮ ಎದೆಗೆ ಅಪಾಯ ಇತ್ತು," ಎಂದಳು ಕಣ್ಣು ತುಂಬಿಕೊಂಡು.

ತಾತ ದಿಂಬಿಗೆ ಒರಗಿಕೊಂಡ.

"ನಮ್ಮವಳಿಗೆ ಫೋನ್ ಮಾಡಮ್ಮ. ಸೌದೆ ಈಗಲೇ ಹಾಕ್ಬೇಡ ಅನ್ನು."

ನರ್ಸಿಂಗ್ ಕಲಿಯುವ ಮಕ್ಕಳೇ, ಉತ್ತರ ಹೇಳಿ ಒಪ್ಪಿಗೆ ಕೇಳಬೇಡಿ. ಚೀಲ ಓದಿ, ಲೆಕ್ಕ ಹಾಕಿ, ಇನ್ನೊಬ್ಬರು ಬೇರೆಯಾಗಿ ಹಾಕಲಿ. ಎಬ್ಬಿಸಲು ನಾಚಿಕೆ ಬೇಡ. ಮಂಚದ ಪಕ್ಕ ಕೂತ ಬಂಧುಗಳೇ, ನಿಮ್ಮವರ ಡ್ರಿಪ್ ಹಾಕುವ ಮುಂಚೆ ನರ್ಸ್ ಇನ್ನೊಬ್ಬರನ್ನು ಕರೆಯಲು ಹೋದರೆ ತಡವಾಯಿತೆಂದು ಗೊಣಗಬೇಡಿ. ಅವಳು ಹೋಗಿರುವುದು ನಿಮ್ಮವರಿಗಾಗಿಯೇ.