ನನ್ನ ಮೈಯಲ್ಲಿ ಉಳಿದ ರಕ್ತ

"ಇಷ್ಟು ಸಣ್ಣ ಜೀವ, ಎಷ್ಟು ಜನರ ರಕ್ತ ತಡೆದುಕೊಂಡೀತು?"

ನನ್ನನ್ನು ತಯಾರಿಸಿ, ಚಿಮಟದಲ್ಲಿ ಹಿಡಿದು ಬೆಳಕಿಗೊಡ್ಡಿದ ಹೆಂಗಸು ತನ್ನಷ್ಟಕ್ಕೇ ಹೀಗೆ ಕೇಳಿದಳು. ಆ ಗಾಜಿನ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಉಗುರಿನಷ್ಟಗಲದ ಒಂದು ಸೆನ್ಸರ್. ಮೈಮೇಲೆ ಕೂದಲಿಗಿಂತ ಸಾವಿರ ಪಾಲು ತೆಳುವಾದ ಇಂಗಾಲದ ಎಳೆಗಳು. ಹೃದಯ ನೊಂದಾಗ ರಕ್ತಕ್ಕೆ ಸೋರುವ ಒಂದು ಅಂಶವನ್ನು ಅವು ಹಿಡಿದುಕೊಳ್ಳುತ್ತವೆ. ತೊಳೆದರೆ ಬಿಟ್ಟುಕೊಡುತ್ತವೆ. ಆಮೇಲೆ ನಾನು ಮತ್ತೊಬ್ಬರಿಗೆ ಸಿದ್ಧ.

ಕಲ್ಲುಗಣಿಗಳ ಊರಿನ ಸಣ್ಣ ಆಸ್ಪತ್ರೆಯಲ್ಲಿ ನಾನು ನೀಲಾಂಬಿಕಾಳ ಕೈಸೇರಿದೆ. ಲ್ಯಾಬಿನ ಕೆಲಸ ಅವಳದು. ಪ್ರತಿ ಸಲವೂ ನನ್ನನ್ನು ಐದು ನಿಮಿಷ ದ್ರಾವಣದಲ್ಲಿ ಅದ್ದಿಡಬೇಕು. ಅವಳು ಗಡಿಯಾರ ನೋಡುತ್ತಿರಲಿಲ್ಲ. ಅಜ್ಜಿ ಕಲಿಸಿದ ಶಿವಸ್ತುತಿಯನ್ನು ಮೂರು ಸಲ ಹೇಳುತ್ತಿದ್ದಳು. ಮುಗಿಯುವಷ್ಟರಲ್ಲಿ ನಾನು ಸ್ವಚ್ಛ. ಆ ಸಾಲುಗಳ ಏರಿಳಿತ ಕೇಳುತ್ತಲೇ ಇನ್ನೂರು ಜನರ ರಕ್ತ ಕಳಚಿಕೊಂಡೆ.

ಒಂದು ಸೋಮವಾರ ಗಣಿಯಲ್ಲಿ ಬಂಡೆ ಜಾರಿತು. ಆಸ್ಪತ್ರೆ ಗಾಯಾಳುಗಳಿಂದ ತುಂಬಿತು. ಆಗಷ್ಟೇ ಹೃದಯಾಘಾತವಾದ ಮುದುಕನೊಬ್ಬನ ರಕ್ತವನ್ನು ನಾನು ಪರೀಕ್ಷಿಸಿದ್ದೆ. ಹಿಂದೆಯೇ ಕಲ್ಲು ಒಡೆಯುವ ಭೀಮಶಾ ಎದೆ ನೀವಿಕೊಳ್ಳುತ್ತ ಬಂದ, ಜೊತೆಗೆ ಹೆಂಡತಿ ಚಂದಮ್ಮ.

"ವಾಯು ಆಗೇದ್ರಿ ಅಕ್ಕಾರ. ಈಕಿ ಸುಮ್ಮ ಎಳಕೊಂಡು ಬಂದಾಳ," ಎಂದ.

"ಮೂರು ಮಂದಿ ಭಜಿ ಒಬ್ಬನೇ ತಿಂದ್ರ ವಾಯು ಆಗ್ತದ, ಖರೆ. ಬೆವರು ಯಾಕ ಇಳೀತದ, ಕೇಳ್ರಿ!" ಎಂದಳು ಚಂದಮ್ಮ.

ನೀಲಾಂಬಿಕಾ ನನ್ನನ್ನು ಅದ್ದಿ, ಸ್ತುತಿಯನ್ನು ಮೂರೂ ಸಲ ಹೇಳಿದಳು. ಆದರೆ ಉಸಿರು ತೆಗೆದುಕೊಳ್ಳದೆ, ಓಡೋಡುತ್ತ. ಮುದುಕನ ರಕ್ತದ ಅಂಶ ಎಳೆಗಳಲ್ಲಿ ಹಾಗೇ ಉಳಿಯಿತು. ಭೀಮಶಾನದನ್ನು ಹಿಡಿಯಲು ನನ್ನಲ್ಲಿ ಜಾಗವಿರಲಿಲ್ಲ. ಹೊಸದಾಗಿ ಹಿಡಿದದ್ದನ್ನಷ್ಟೇ ಎಣಿಸುವ ಯಂತ್ರ 'ಸಹಜ' ಎಂದು ತೋರಿಸಿತು.

ಭೀಮಶಾ ಹೆಂಡತಿಯನ್ನು ಛೇಡಿಸುತ್ತ ಹೊರಟ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಮರುದಿನ ನೀಲಾಂಬಿಕಾ ಗಡಿಯಾರವನ್ನು ಎದುರಿಗಿಟ್ಟುಕೊಂಡು, ಅದೇ ಓಟದಲ್ಲಿ ಸ್ತುತಿ ಹೇಳಿ ನೋಡಿದಳು. ಎರಡು ನಿಮಿಷವೂ ಆಗಲಿಲ್ಲ. ಅಂದಿನಿಂದ ಅವಳ ಬಾಯಲ್ಲಿ ಆ ಸಾಲುಗಳನ್ನು ನಾನು ಕೇಳಿಲ್ಲ.

ಈಗ ನಾನು ಲ್ಯಾಬಿನ ಮೇಜಿನ ಮೇಲೆ, ತನಿಖೆಗೆಂದು ಮುಚ್ಚಿದ ಪಾರದರ್ಶಕ ಲಕೋಟೆಯಲ್ಲಿದ್ದೇನೆ. ಇನ್ನು ಯಾರ ರಕ್ತವೂ ನನ್ನ ಮೇಲೆ ಬೀಳದು. ಒಬ್ಬರ ನೋವು ಮೈತುಂಬ ಉಳಿದಿದ್ದರೆ ಮತ್ತೊಬ್ಬರ ನೋವು ತಿಳಿಯುವುದಿಲ್ಲ. ಇಷ್ಟು ಕಲಿಯಲು ಒಂದು ಜೀವ ಹೋಯಿತು.

ಇವತ್ತು ಡಾಕ್ಟರು ಕಾಗದ ಹಿಡಿದು ಬಂದರು.

"ಸೆನ್ಸರ್ ಕೆಟ್ಟಿತ್ತು ಅಂತ ಬರದು ಸಹಿ ಹಾಕವಾ, ನೀಲಾಂಬಿಕಾ. ಅದಕ್ಕೇನು ಹೆಂಡ್ರು ಮಕ್ಕಳು ಅದಾರೇನು? ನಿನ್ನ ನೌಕರಿ ಉಳೀತದ."

ಅವಳು ಪೆನ್ನು ಮುಟ್ಟಲಿಲ್ಲ.

"ಅದು ಕೆಟ್ಟಿದ್ದಿಲ್ರಿ ಸರ. ನಾ ಸರಿ ತೊಳೀಲಿಲ್ಲ. ನಾ ಬರಿಯಂಗಿಲ್ಲ."