ಪುತ್ತೂರಿನ ರೇಟು

“ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ ನನಗೆ ಕೋಳಿಯ ರೇಟು ಕಲಿಸ್ಲಿಕ್ಕೆ ಬಂದಿದ್ದಾನೆ. ಎರಡು ಪುಕ್ಕ ಕೊಡ್ತೇನೆ, ಕೊಂಡುಹೋಗಿ ನಿನ್ನ ಅಕ್ಕನಿಗೆ ಕೊಡು.”

ಬೆಳ್ಳಾರೆ ಪೇಟೆಯಲ್ಲಿ ಕೋಳಿ ಮಾರುವ ತ್ಯಾಂಪಣ್ಣ ಹೀಗೆಂದಾಗ ಬಸ್ಸಿಗೆ ಕಾದು ನಿಂತವರೆಲ್ಲ ನಕ್ಕರು. ನಾನು ಕೇಳಿದ್ದಾದರೂ ಏನು? ಒಂದು ಮೊಟ್ಟೆ ಕೋಳಿಗೆ ನಾನೂರೈವತ್ತು ಯಾಕೆ ಎಂದು. ಸುಳ್ಯದಲ್ಲಿ ಐನೂರು, ಕಡಬದಲ್ಲಿ ನಾನೂರು. ಪುತ್ತೂರಿನ ಮಮ್ಮು ಎಂಬವರ ಅಂಗಡಿಯಲ್ಲಿ ಬರೀ ನೂರೈವತ್ತು. ಫೋನಿನಲ್ಲಿ ಅವರೇ ಹೇಳಿದ್ದರು. ಇಲ್ಲಿಯ ಕೋಳಿಗೆ ಕಾಲು ಮೂರಿರುತ್ತದೆಯೇ? ಹಗಲು ದರೋಡೆ ಇದು.

ಅಕ್ಕ ದಮಯಂತಿ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಳು. ಇನ್ನು ಬೀಡಿ ಕಟ್ಟಬಾರದೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಕೋಳಿ ಸಾಕಿದರೆ ಮೊಟ್ಟೆ ತೆಗೆದುಕೊಳ್ಳಲು ಬೇಕರಿಯವರು ಒಪ್ಪಿದ ಮೇಲೆ, ಬೀಡಿಯಲ್ಲಿ ಉಳಿಸಿದ್ದನ್ನೆಲ್ಲ ನನ್ನ ಕೈಗೆ ಕೊಟ್ಟು, “ನೀನೇ ನೋಡಿ ತಾ” ಎಂದಿದ್ದಳು.

ಸಿಟ್ಟಿನಲ್ಲೇ ಗೆಳೆಯ ರಕ್ಷಿತ್‌ನ ಗೂಡ್ಸ್ ರಿಕ್ಷಾ ಹತ್ತಿ ಪುತ್ತೂರಿಗೆ ಹೋದೆ. ಇಲ್ಲಿ ಹತ್ತು ಕೋಳಿಗೆ ಕೊಡುವ ಹಣಕ್ಕೆ ಅಲ್ಲಿ ಮೂವತ್ತು ಸಿಕ್ಕಿತು. ಬರುವಾಗ ಬೇಕೆಂದೇ ತ್ಯಾಂಪಣ್ಣನ ಅಂಗಡಿಯ ಮುಂದೆ ನಿಲ್ಲಿಸಿದೆ.

“ನೋಡಿ, ಮೊಟ್ಟೆ ಕೋಳಿ. ನೂರೈವತ್ತು.”

ಅವರು ಒಂದನ್ನು ಎತ್ತಿ, ಹೊಟ್ಟೆಯಡಿ ಬೆರಳಾಡಿಸಿ ನೋಡಿದರು. ಇನ್ನೊಂದನ್ನು ಎತ್ತಿದರು.

“ಇದು ಕಡಿದು ಪದಾರ್ಥ ಮಾಡುವ ಕೋಳಿ ಮಾರಾಯ. ಮೊಟ್ಟೆ ಇಟ್ಟು ಮುಗಿದದ್ದು.”

ಹೊಟ್ಟೆಕಿಚ್ಚು ಎಂದುಕೊಂಡೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮಮ್ಮುವಿಗೆ ಫೋನ್ ಮಾಡಿದೆ.

“ನೀವು ಮೊಟ್ಟೆ ಕೋಳಿ ಅಂತಲೇ ಕೇಳಿದ್ದಲ್ವಾ? ಇಲ್ಲಿ ಹಾಗೆ ಹೇಳುದು ಇದಕ್ಕೇ, ಫಾರ್ಮಿನಲ್ಲಿ ಮೊಟ್ಟೆ ನಿಂತ ಮೇಲೆ ಕಡಿಲಿಕ್ಕೆ ಬರುವ ಕೋಳಿಗೆ. ಮೂವತ್ತು ಕೇಳಿದ್ರಿ, ಮನೆಯಲ್ಲಿ ಎಂತದೋ ಕಾರ್ಯಕ್ರಮ ಉಂಟು ಅಂತ ಗ್ರಹಿಸಿದೆ. ಸಾಕ್ಲಿಕ್ಕೆ ಅಂತ ಒಂದು ಮಾತು ಹೇಳಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ.”

“ವಾಪಸು ತರ್ತೇನೆ.”

“ಅಷ್ಟು ದೂರ ಹೋದದ್ದನ್ನು ತೆಗೊಳ್ಳಿಕ್ಕೆ ಆಗುದಿಲ್ಲ ಮಾರಾಯ್ರೆ. ರೋಗ ಬಂದ್ರೆ ಅಂಗಡಿಯೇ ಖಾಲಿ.”

ಬೈಯಲು ಮಾತುಗಳನ್ನು ಒಟ್ಟು ಮಾಡಿಕೊಂಡೇ ಬಂದಿದ್ದೆ. ಯಾರನ್ನು ಬೈಯುವುದು? ಮಮ್ಮು ಮೋಸ ಮಾಡಿರಲಿಲ್ಲ. ತ್ಯಾಂಪಣ್ಣ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದನ್ನೇ ನನಗೆ ಕೊಟ್ಟಿದ್ದರು. ಕಾಲು ಕಟ್ಟಿಸಿಕೊಂಡ ಮೂವತ್ತು ಕೋಳಿಗಳು ರಿಕ್ಷಾದಲ್ಲಿ ಬಿಸಿಲಿಗೆ ಬಾಯಿ ತೆರೆದು ಬಿದ್ದಿದ್ದವು.

ತ್ಯಾಂಪಣ್ಣ ಕೈಯಲ್ಲಿದ್ದ ಕೋಳಿಯನ್ನು ಮೆಲ್ಲಗೆ ಕೆಳಗಿಟ್ಟರು.

“ದಮಯಂತಿ ಈಗಷ್ಟೇ ಬಂದು ಒಂದು ಗೋಣಿ ಕೋಳಿ ಫೀಡ್ ಕೊಂಡುಹೋದಳು. ಗೂಡು ರೆಡಿ ಉಂಟು ಅಂತ ಎಷ್ಟು ಖುಷಿಯಲ್ಲಿದ್ದಳು. ಅವಳಿಗೆ ಎಂತ ಹೇಳ್ತಿ?”

ನಾನು ಫೋನನ್ನು ಕಿಸೆಗೆ ಹಾಕಿಕೊಂಡು, ರಿಕ್ಷಾವನ್ನು ಹಿಂದಿನಿಂದ ತರಲು ರಕ್ಷಿತ್‌ಗೆ ಹೇಳಿ ಮನೆಯ ಕಡೆಗೆ ನಡೆದೆ.