ಹೆಸರು ಹೇಳದ ಮದ್ದು

ಬೇಗಾರಿನ ತುಂಗಮ್ಮ ಕಾಮಾಲೆಗೆ ಕೊಡುತ್ತಿದ್ದ ಮದ್ದು ಅತ್ತೆಯಿಂದ ಬಂದದ್ದು. ಅದಕ್ಕೊಂದು ಕಟ್ಟಳೆಯಿತ್ತು: ಸೊಪ್ಪಿನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಮದ್ದು ನಾಟುವುದಿಲ್ಲ. ಅಂಗೈಯಲ್ಲಿಟ್ಟು ತೋರಿಸಬೇಕು, ಅಷ್ಟೆ.

ತಂಗಿಯ ಮಗ ಗಜಾನನನಿಗೂ ಹಾಗೇ ತೋರಿಸಿದ್ದರು. ಅವನು ತಲೆಯಾಡಿಸಿದ್ದ, ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮದ್ದನ್ನು ಬಾಟಲಿಗೆ ತುಂಬಿ, ಮೇಲೆ ದೊಡ್ಡಮ್ಮನ ಫೋಟೋ ಅಂಟಿಸಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಂಗಡಿಗಳಿಗೆಲ್ಲ ಹಾಕಿದ. ತುಂಗಮ್ಮನಿಗೆ ನಾಚಿಕೆಯೇನೋ ಆಯಿತು, ಆದರೆ ಒಳಗೊಳಗೇ ಜಂಬವೂ ಬಂತು.

ಒಂದು ಬೆಳಿಗ್ಗೆ ಕೊಪ್ಪದ ಚಪ್ಪಲಿ ಅಂಗಡಿಯ ನೌಶಾದ್ ಬಾಟಲಿ ಹಿಡಿದು ಅಂಗಳದಲ್ಲಿ ನಿಂತಿದ್ದ. ಕಾಮಾಲೆಯಾಗಿದ್ದ ಹೆಂಡತಿ ಅರ್ಶಿಯಾ ಇದನ್ನು ಕುಡಿದು, ವಾಂತಿಯಾಗಿ, ಮಂಪರಿನಲ್ಲಿ ಆಸ್ಪತ್ರೆ ಸೇರಿದ್ದಳು.

"ನಿಮ್ಮ ಮುಖ ನೋಡಿ ನಂಬಿ ಕುಡಿಸಿದ್ದಮ್ಮ. ಇದ್ರಲ್ಲಿ ಎಂತ ಇದೆ ಹೇಳಿ. ಡಾಕ್ಟ್ರು ಕೇಳ್ತಿದಾರೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತುಂಗಮ್ಮ ಬಾಟಲಿ ಮೂಸಿದರು. ತಮ್ಮ ಮದ್ದಿನ ವಾಸನೆಯಲ್ಲ. ಹಾಗೆಯೇ ಅವನ ಕಾರು ಹತ್ತಿ, ಗಜಾನನ ಮದ್ದು ಮಾಡುವ ಶೆಡ್ಡಿಗೆ ಹೋದರು.

ಅಲ್ಲಿ ಒಣಗಲು ಹರವಿದ್ದ ರಾಶಿಯಲ್ಲಿ ಎರಡು ಬಗೆಯ ಸೊಪ್ಪು ಬೆರೆತಿತ್ತು. ಒಂದು ತಮ್ಮ ಮದ್ದಿನದು; ಇನ್ನೊಂದು ನಂಜು, ದನವೂ ಮುಟ್ಟುವುದಿಲ್ಲ.

"ಎಂತ ಮಾಡ್ದೆ ಮಾಣಿ!"

"ಎರಡೂ ಒಂದೇ ಥರ ಇದ್ವು ದೊಡ್ಡಮ್ಮ. ಆಳುಗಳಿಗೆ ಎಲೆ ತೋರ್ಸಿ ಕಳ್ಸಿದ್ದೆ. ಹೆಸರು ಹೇಳೋಣ ಅಂದ್ರೆ ನಂಗೇ ಗೊತ್ತಿರ್ಲಿಲ್ವಲ್ಲ."

ತುಂಗಮ್ಮನ ಸಿಟ್ಟು ತಮ್ಮ ಮೇಲೇ ತಿರುಗಿತು. ಬಾಯಿ ಬಿಡದೆ ಇದ್ದವರು ತಾವೇ.

ನೌಶಾದ್ ಡಾಕ್ಟರಿಗೆ ಫೋನ್ ಹಚ್ಚಿ ತುಂಗಮ್ಮನ ಮುಂದೆ ಹಿಡಿದ. ಬಾಟಲಿಯಲ್ಲಿರುವ ಎಲ್ಲ ಸೊಪ್ಪಿನ ಹೆಸರೂ ಬೇಕು ಎಂದರು ಡಾಕ್ಟರು.

ಗಜಾನನ ದೊಡ್ಡಮ್ಮನ ತೋಳು ಹಿಡಿದುಕೊಂಡ. "ನಮ್ಮ ಸೊಪ್ಪಿನ ಹೆಸರು ಬೇಡ ದೊಡ್ಡಮ್ಮ. ಆಮೇಲೆ ಮದ್ದು ಯಾರಿಗೂ ನಾಟೂದಿಲ್ಲ."

ಎಷ್ಟೋ ಮನೆಯವರು ಈ ಮದ್ದನ್ನು ನಂಬಿ ಬಂದಿದ್ದರು. ಒಂದು ಮಾತಿಗೆ ಅದೆಲ್ಲ ಮುಗಿದುಹೋಗುತ್ತದೆ ಎಂದು ತುಂಗಮ್ಮನೂ ನಿಜವಾಗಿ ನಂಬಿದ್ದರು.

"ನಾಟದಿದ್ರೆ ಬೇಡ ಮಾರಾಯ. ಆ ಹುಡುಗಿ ಉಳೀಲಿ" ಎಂದವರೇ ಎರಡೂ ಹೆಸರನ್ನು ಗಟ್ಟಿಯಾಗಿ ಹೇಳಿದರು. ಡಾಕ್ಟರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದರು. ಆಮೇಲೆ ಗಜಾನನನ ಕಡೆ ತಿರುಗಿ, "ಎಲ್ಲ ಅಂಗಡಿಯಿಂದ ಬಾಟ್ಲಿ ಇವತ್ತೇ ವಾಪಸ್ ತಗಂಡ್ ಬಾ" ಎಂದರು.

ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಮೂರನೆಯ ದಿನ ನೌಶಾದನ ಫೋನ್ ಬಂತು.

"ಗಂಜಿ ಕುಡಿದ್ಲಮ್ಮ. ಡಾಕ್ಟ್ರಿಗೆ ಹೆಸರು ಹೇಳಿದ ಅಮ್ಮ ನನ್ನ ನೋಡೋಕೆ ಬರಲ್ವಾ ಅಂತ ಕೇಳ್ತಿದಾಳೆ."

"ಬತ್ತೆ, ಈಗ್ಲೇ ಬತ್ತೆ" ಎಂದರು ತುಂಗಮ್ಮ. ಆದರೆ ಅಳು ನಿಲ್ಲುವ ತನಕ ಅವರಿಗೆ ಜಗಲಿಯಿಂದ ಏಳಲಾಗಲಿಲ್ಲ.